ರೇಣುಕಾನ ಸಕ್ಕರೆ

ಶಿಗ್ಗಾವಿಯಿಂದ ಹಾನಗಲ್ಲಿಗೆ ಹೊರಟಿದ್ದ ಬಸ್ಸು ಬಂಕಾಪುರ ದಾಟುತ್ತಲೇ ಪಂಕ್ಚರ್ ಆಯಿತು. ಗಾಲಿ ಬದಲಿಸುವವರೆಗೆ ನೆರಳು ಹುಡುಕಿ ರಸ್ತೆಬದಿಯ ಸಣ್ಣ ದರ್ಗಾದ ಕಟ್ಟೆಯ ಮೇಲೆ ಕೂತೆ. ಗುರುವಾರವಾದ್ದರಿಂದ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಲು ಜನ ಬಂದಿದ್ದರು. ಹಣೆತುಂಬ ಕುಂಕುಮವಿಟ್ಟ ಹೆಂಗಸೊಬ್ಬಳು ಸಕ್ಕರೆಯ ಪೊಟ್ಟಣವನ್ನು ವಯಸ್ಸಾದ ಮುಲ್ಲಾನ ಮುಂದೆ ಚಾಚಿದಳು.

"ಯಾರ ಹೆಸರಿಲೆ ಓದ್ಲಿ ಯವ್ವಾ?"

"ರೇಣುಕಾ," ಎಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಆತ ಓದಿ ಮುಗಿಸಿ, ನವಿಲುಗರಿಯ ಕಟ್ಟನ್ನು ಅವಳ ತಲೆಗೆ ಸವರಿದ. ಆಮೇಲೆ ಅವಳ ಪಕ್ಕದಲ್ಲಿ, ಯಾರೂ ಇಲ್ಲದ ಕಡೆ, ಸೊಂಟದೆತ್ತರದ ಗಾಳಿಯಲ್ಲೂ ಒಮ್ಮೆ ಮೆಲ್ಲಗೆ ಆಡಿಸಿದ. ಅಲ್ಲಿದ್ದವರಾರೂ ಅದನ್ನು ವಿಶೇಷವೆಂದು ನೋಡಲಿಲ್ಲ.

ಅವಳು ಕಟ್ಟೆಗೆ ಬಂದು ಕೂತಾಗ ರೇಣುಕಾ ಯಾರೆಂದು ಕೇಳಿದೆ.

"ನನ್ನ ಮಗಳ್ರಿ. ಜಡ್ಡಾಗಿದ್ಲು. ಗುಣ ಆಗ್ಲೆಂತ ಪ್ರತಿ ಗುರುವಾರ ಇಲ್ಲಿಗೆ ಕರ್ಕೊಂಡ ಬರ್ತಿದ್ದೆ. ಹ್ವಾದ ವರ್ಷ ತೀರಿಕೊಂಡ್ಲು."

ಕೇಳಬಾರದಿತ್ತು, ಕೇಳಿಬಿಟ್ಟೆ: ಇಷ್ಟಾದ ಮೇಲೂ ಇಲ್ಲಿ ನಂಬಿಕೆ ಉಳಿದಿದೆಯೇ?

ಅವಳು ಸಿಟ್ಟಾಗಲಿಲ್ಲ. "ಈ ದೇವ್ರ ಕೂಡ ಜಗಳಾನೂ ಆಡೇನ್ರಿ. ಆದ್ರ ಮನ್ಯಾಗ ಆಕಿ ಹೆಸರ ಯಾರೂ ಎತ್ತಂಗಿಲ್ಲ, ನಾ ಅಳ್ತೇನಂತ. ಇಲ್ಲಿ ಮಾತ್ರ ಕೇಳ್ತಾರ. ಹೇಳಿ ಹೋದ್ರ ಮುಂದಿನ ಗುರುವಾರದ ಮಟ ಜೀವ ತಡಕೋತೈತಿ."

ಕಂಡಕ್ಟರ್ ಸೀಟಿ ಊದಿದ. ಏಳುತ್ತಿದ್ದ ನನ್ನ ಅಂಗೈಗೆ ಅವಳು ಚಿಟಿಕೆ ಸಕ್ಕರೆ ಹಾಕಿದಳು.

"ತಿನ್ರಿ. ನಮ್ಮ ರೇಣುಕಾನ ಪಾಲಿಂದು."