ಒಂದರ ಮೇಲೊಂದು ಇಡದ ಚಾಪೆಯಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಆಪರೇಷನ್ ಕೋಣೆಯ ಎದುರಿಗಿರುವ ಪ್ರಾರ್ಥನಾ ಕೋಣೆಯಲ್ಲಿ ಚಾಪೆಯಮ್ಮ ಚಾಪೆ ಕೊಡವುತ್ತಿದ್ದಾರೆ. ಅವರ ಕಥೆ ಕೇಳಲು ಬಂದ ನಾನು ಬಾಗಿಲ ಬಳಿ ಕೂತಿದ್ದೇನೆ. ಗೋಡೆಯ ಹಲಗೆಯ ಮೇಲೆ ಬೇರೆ ಬೇರೆ ಧರ್ಮಗಳ ಗ್ರಂಥಗಳು ಸಾಲಾಗಿವೆ. ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ಧೂಳು ಒರೆಸಿ, ಮತ್ತೆ ಪಕ್ಕಪಕ್ಕದಲ್ಲೇ ಇಡುತ್ತಾರೆ.

ಅವರ ನಿಜವಾದ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ. ಗಂಡನಿಗೆ ಆಪರೇಷನ್ ಆಗುತ್ತಿದ್ದಾಗ ಇದೇ ಕೋಣೆಯಲ್ಲಿ ಕೂತು ಬೇಡಿಕೊಂಡಿದ್ದರು. ಗಂಡ ಉಳಿಯಲಿಲ್ಲ, ಮಕ್ಕಳ ಹೊಟ್ಟೆಪಾಡಿಗೆ ಇಲ್ಲೇ ಕೆಲಸ ಸಿಕ್ಕಿತು. ದೇವರ ಮೇಲೆ ಮುನಿಸಿಕೊಂಡರು, ಆದರೆ ದೇವರನ್ನು ಬಿಡಲಿಲ್ಲ. ಕೊರಳಲ್ಲಿ ತಮ್ಮ ಧರ್ಮದ ಪದಕ ಈಗಲೂ ಇದೆ.

ಈಚೆಗೆ ಆ ಪದಕವೇ ಕುತ್ತಿಗೆಗೆ ಬಂದಿತ್ತು. "ಒಂದು ಧರ್ಮ ಪಾಲಿಸೋರು ಅದೇ ದೊಡ್ಡದು ಅಂದ್ಕೊಂಡಿರ್ತಾರೆ. ಉಳಿದವರನ್ನ ಸರಿಯಾಗಿ ಹೇಗೆ ನೋಡ್ಕೋತೀರಿ?" ಎಂದರು ಹೊಸ ಮ್ಯಾನೇಜರ್. ಪದಕ ತೆಗೆಯಬೇಕು, ಇಲ್ಲವೇ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಬೇಕು. ಚಾಪೆಯಮ್ಮ ಕೋಣೆಯ ಕೀಲಿಕೈ ಮೇಜಿನ ಮೇಲಿಟ್ಟು ಬಟ್ಟೆ ಒಗೆಯಲು ಹೋದರು.

ಅವರ ಜಾಗಕ್ಕೆ ಬಂದಾತ "ನನಗೆ ಎಲ್ಲಾ ಧರ್ಮವೂ ಒಂದೇ" ಎನ್ನುವ ಸಜ್ಜನ. ಎಲ್ಲವೂ ಒಂದೇ ಆದ್ದರಿಂದ ನೆಲ ಒರೆಸುವಾಗ ಗ್ರಂಥಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟ. ಮಗನನ್ನು ಆಪರೇಷನ್ನಿಗೆ ಕಳಿಸಿ ಬಂದ ತಾಯಿಯೊಬ್ಬರಿಗೆ ತಮ್ಮ ಗ್ರಂಥ ಎಲ್ಲಕ್ಕಿಂತ ಅಡಿಯಲ್ಲಿ ಕಂಡಿತು. ಅವರು ಜಗಳವಾಡಲಿಲ್ಲ, ಬಾಗಿಲಲ್ಲೇ ಕೂತು ಅತ್ತರು. ಮರುದಿನ ಮ್ಯಾನೇಜರ್ ತಾವೇ ಕೀಲಿಕೈ ಹಿಡಿದು ಚಾಪೆಯಮ್ಮನ ಬಳಿಗೆ ಬಂದರು.

"ಪಾಪ, ಅವನು ಒಳ್ಳೆಯವನೇ. ನೆಲ ನನಗಿಂತ ಚೆನ್ನಾಗಿ ಒರೆಸಿದ್ದ," ಎಂದು ಚಾಪೆಯಮ್ಮ ನಗುತ್ತಾರೆ. "ನನ್ನ ಗ್ರಂಥ ಅಡಿಗೆ ಬಿದ್ರೆ ನನಗೆಷ್ಟು ಸಂಕಟ ಆಗುತ್ತೆ ಅಂತ ಗೊತ್ತು. ಅದಕ್ಕೇ ಬೇರೆಯವರ ಸಂಕಟವೂ ಗೊತ್ತಾಗುತ್ತೆ."

ನಾನು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಒಳಗೊಳಗೇ ನಿಮ್ಮದೇ ಹೆಚ್ಚು ಅನಿಸುವುದಿಲ್ಲವೇ ಎಂದು ಕೆಣಕುತ್ತೇನೆ.

"ನಂದು ನಿಜ ಅಂತ ನಂಬಿದ್ದೀನಪ್ಪ. ನಂಬದೆ ತಲೆ ಬಾಗೋಕಾಗುತ್ತಾ? ಆದ್ರೆ ಹೆಚ್ಚು ಕಡಿಮೆ ಹೇಳ್ಬೇಕಂದ್ರೆ ಎಲ್ಲದರಲ್ಲೂ ಬಾಳಿ ನೋಡಿರಬೇಕು. ನಾನು ಬಾಳಿರೋದು ಒಂದರಲ್ಲೇ. ತೀರ್ಪು ಹೇಳೋ ಕೆಲಸ ನನಗ್ಯಾರೂ ಕೊಟ್ಟಿಲ್ಲ, ಚಾಪೆ ಹಾಸೋ ಕೆಲಸ ಕೊಟ್ಟಿದ್ದಾರೆ."

ನಾನು ಸೋತೆ. ಸೋತದ್ದಕ್ಕೆ ಖುಷಿಯೂ ಆಯಿತು.

ವಾಪಸು ಕರೆದ ದಿನ ಮ್ಯಾನೇಜರ್ "ಏನಾದರೂ ಬೇಕಾ?" ಎಂದು ಕೇಳಿದರಂತೆ. ಸಂಬಳ ಹೆಚ್ಚಿಸಿ ಎನ್ನಬಹುದಿತ್ತು.

"ಹಲಗೆ ಇನ್ನೊಂದು ಮೊಳ ಉದ್ದ ಮಾಡಿಸಿಕೊಡಿ ಅಂದೆ," ಎನ್ನುತ್ತಾ ಚಾಪೆಯಮ್ಮ ಕೊನೆಯ ಗ್ರಂಥವನ್ನು ಅದರ ಜಾಗದಲ್ಲಿಡುತ್ತಾರೆ. "ನಾಳೆ ಇನ್ಯಾರದೋ ಗ್ರಂಥ ಬಂದ್ರೆ, ಅದಕ್ಕೂ ಪಕ್ಕದಲ್ಲೇ ಜಾಗ ಇರಬೇಕಲ್ಲ."