ದಾವಲಸಾಬರ ಕೆಳತುಟಿ

ಅಣ್ಣಿಗೇರಿಯಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಅದು ಹನ್ನೊಂದನೇ ವರ್ಷ. ಕೈ ಪಳಗಿತ್ತು, ಜೊತೆಗೆ ಜಂಬವೂ ಬೆಳೆದಿತ್ತು. ಒಂದು ಸೋಮವಾರ ಶಲವಡಿಯ ದಾವಲಸಾಬರು ಬುದ್ಧಿಹಲ್ಲಿನ ನೋವೆಂದು ಬಂದರು. ಉದ್ಯೋಗ ಏನೆಂದು ಕೇಳಿದೆ.

"ಒಕ್ಕಲತನಾರಿ" ಅಂದರು.

ಎಕ್ಸ್-ರೇಯಲ್ಲಿ ಹಲ್ಲಿನ ಬೇರು ದವಡೆಯ ನರಕ್ಕೆ ತಾಗಿಕೊಂಡಿತ್ತು. ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಅದು. ಹಲ್ಲಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ, ಬೇರನ್ನು ಅಲ್ಲಿಯೇ ಬಿಡುವ ಸುರಕ್ಷಿತ ವಿಧಾನವೊಂದಿದೆ. ಸಮಯ ಹೆಚ್ಚು ಹಿಡಿಯುತ್ತದೆ. ತುಟಿ ಕೆಲವು ದಿನ ಜೋಮು ಹಿಡಿಯಬಹುದೆಂದು ಹೇಳಿದೆ, ಅವರು ಒಪ್ಪಿದರು. ಹೊಲದ ಕೆಲಸಕ್ಕೆ ತುಟಿಯಿಂದ ಏನಾಗಬೇಕು ಎಂದುಕೊಂಡು ಇಡೀ ಹಲ್ಲನ್ನೇ ಕಿತ್ತೆ.

ಮರುದಿನ ಬೆಳಿಗ್ಗೆ ಅವರು ಉದ್ದನೆಯ ಕರಿ ಪೆಟ್ಟಿಗೆಯೊಂದನ್ನು ಹಿಡಿದು ಬಂದರು. ಒಳಗೆ ಸ್ಯಾಕ್ಸೊಫೋನ್! ಇಪ್ಪತ್ತು ವರ್ಷಗಳಿಂದ ಗೋವಾದ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದರು, ಸ್ವಂತ ಸಂಗೀತ ಸಂಯೋಜಿಸುತ್ತಿದ್ದರು.

"ನಿನ್ನೆ ಯಾಕ ಹೇಳಲಿಲ್ರಿ?"

"ಊರಾಗ ಹೇಳಿದ್ರ ಲಗ್ನದ ಬ್ಯಾಂಡಿಗೆ ಕರೀತಾರ್ರಿ. ಅದಕ್ಕ ಇಲ್ಲಿ ಎಲ್ಲಾರಿಗೂ ಒಕ್ಕಲತನಾನ ಹೇಳತೇನಿ."

ಊದಿ ತೋರಿಸಿದರು. ಬರೀ ಗಾಳಿ, ನಡುವೆ ಒಂದು ಕಿರುಚು. ಗದ್ದದ ಮೇಲೆ ಜೊಲ್ಲು ಇಳಿಯುತ್ತಿತ್ತು, ಅವರಿಗದು ಗೊತ್ತೇ ಆಗಲಿಲ್ಲ. ವಾದ್ಯದ ಬಾಯಿಗೆ ಕಟ್ಟುವ ತೆಳು ಪಟ್ಟಿಗೆ ರೀಡ್ ಎನ್ನುತ್ತಾರೆ. ಕೆಳತುಟಿ ಅದನ್ನು ಒತ್ತಿಯೇ ಸ್ವರ ಹಿಡಿಯಬೇಕು.

"ಡಾಕ್ಟರ್ರ, ರೀಡ್ ಎಲ್ಲೈತಿ ಅಂತನ ತಿಳೀವಲ್ದು."

ವಾದ್ಯ ಪಕ್ಕಕ್ಕಿಡಿಸಿ, ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದೆ.

ಪ್ರತಿ ಸೋಮವಾರ ಹತ್ತಿಯ ತುದಿಯಿಂದ ಮುಟ್ಟಿ, ಜೋಮಿನ ಗಡಿಯನ್ನು ಅವರ ಗದ್ದದ ಮೇಲೆ ಪೆನ್ನಿನಲ್ಲಿ ಗುರುತಿಸುತ್ತಿದ್ದೆ. ನಾಲ್ಕು ವಾರ ಗೆರೆ ಕದಲಲಿಲ್ಲ. ಅವರ ಸ್ಕೂಟರಿನ ಸದ್ದು ಕೇಳಿದರೆ ಹಿಂಬಾಗಿಲಿನಿಂದ ಓಡಿಹೋಗೋಣ ಅನಿಸುತ್ತಿತ್ತು. ಒಬ್ಬ ಮನುಷ್ಯನ ಹಾಡನ್ನೇ ಕಿತ್ತುಹಾಕಿದೆನೇನೋ ಎಂದು ಹೆದರಿ, ಬೇರೆಯವರ ಹಲ್ಲು ಕೀಳುವುದನ್ನೂ ಮುಂದೂಡುತ್ತಿದ್ದೆ.

"ಬರತೈತೇನ್ರಿ?" ಎಂದು ಒಮ್ಮೆ ನೇರವಾಗಿ ಕೇಳಿದರು.

"ನನಗೂ ಗೊತ್ತಿಲ್ರಿ. ಭಾಳ ಅಂಜಿಕಿ ಆಗೈತಿ" ಅಂದುಬಿಟ್ಟೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಏಳನೇ ವಾರ ಗೆರೆ ಅರ್ಧ ಬೆರಳು ಸರಿಯಿತು. ಐದನೇ ತಿಂಗಳಿಗೆ ಜೋಳದ ಕಾಳಿನಷ್ಟು ಜಾಗ ಮಾತ್ರ ಜೋಮಾಗಿ ಉಳಿಯಿತು. ಅದು ಇಂದಿಗೂ ಹಾಗೆಯೇ ಇದೆ. ಈಗ ಅವರು ಎದುರಿಗೆ ಸಣ್ಣ ಕನ್ನಡಿ ಇಟ್ಟುಕೊಂಡು, ತುಟಿ ನೋಡಿಕೊಂಡೇ ನುಡಿಸುತ್ತಾರೆ. ಕೇಳುವವರು ಅದನ್ನು ಶೋಕಿ ಅಂದುಕೊಳ್ಳುತ್ತಾರಂತೆ.

ಉದ್ಯೋಗವನ್ನು ಇನ್ನೊಮ್ಮೆ ಕೆದಕಿ ಕೇಳಬೇಕಿತ್ತು, ಅದೇ ನನ್ನ ತಪ್ಪು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಆದರೆ ದಾವಲಸಾಬರು ನಿಜಕ್ಕೂ ರೈತರೇ ಆಗಿದ್ದಿದ್ದರೆ, ಆ ತುಟಿಗಾಗಿ ನಾನು ಒಂದು ದಿನವೂ ಹೆದರುತ್ತಿರಲಿಲ್ಲ.