ಸುಟ್ಟ ಕೈಯ ಗುರು, ನಾನು ಬಿಟ್ಟ ಸಾಲು

ಪದವಿ ಓದಲೆಂದು ನಾನು ರಾಯಬಾಗದಿಂದ ಅಥಣಿಗೆ ಬಂದು ಕಾಕಾನ ಮನೆಯಲ್ಲಿದ್ದೆ. ಮೊಬೈಲುಗಳಲ್ಲಿ ಇಂಟರ್ನೆಟ್ಟು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾಕಾ ಆರು ಕಂಪ್ಯೂಟರುಗಳ ಒಂದು ಇಂಟರ್ನೆಟ್ ಸೆಂಟರ್ ಇಟ್ಟಿದ್ದ. ಬೆಳಗಿನ ಕಾಲೇಜು ಮುಗಿಸಿ ಬಂದವಳು ಮಧ್ಯಾಹ್ನವೆಲ್ಲ ಅಲ್ಲಿ ಕೂರುತ್ತಿದ್ದೆ. ರಿಸಲ್ಟ್ ಬರುವ ದಿನಗಳನ್ನು ಬಿಟ್ಟರೆ ಆ ಹೊತ್ತಿನಲ್ಲಿ ಗಿರಾಕಿಗಳು ಕಡಿಮೆ. ಗೋಡೆಗೆ ಹತ್ತಿದ ಕೊನೆಯ ಕಂಪ್ಯೂಟರಿನಲ್ಲಿ ನನ್ನ ಆಟ ತೆರೆದು ಕೂತರೆ ನನಗೆ ಹೊರಗಿನ ಲೋಕ ಬೇಕಿರಲಿಲ್ಲ.

ಅದೊಂದು ಇಂಗ್ಲಿಷ್ ಆಟ. ಬೆಟ್ಟ, ಕೋಟೆ, ಮಾಟ, ಮದ್ದು ಎಲ್ಲವೂ ಇದ್ದ ಉದ್ದನೆಯ ಕಥೆ. ಅದರಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಅವಳ ಕೈಯಲ್ಲಿ ಸಾವಿರ ಗಂಟಿನ ಒಂದು ಹಗ್ಗ. ಲೋಕದಲ್ಲಿ ನಡೆದ ಒಂದೊಂದು ಸಂಗತಿಯೂ ಆ ಹಗ್ಗದಲ್ಲಿ ಒಂದೊಂದು ಗಂಟು. ಅವಳು ಯಾವ ಗಂಟು ಬಿಚ್ಚುತ್ತಾಳೋ ಆ ಸಂಗತಿ ನಡೆದೇ ಇಲ್ಲವೆಂದಾಗುತ್ತದೆ. ಯಾರಿಗೂ ಅದರ ನೆನಪು ಕೂಡ ಉಳಿಯುವುದಿಲ್ಲ. ಮೊದಲನೆಯ ಆಟದ ಕೊನೆಗೆ ಕೋಟೆಗೆ ಬೆಂಕಿ ಬಿದ್ದು ನಾಯಕನ ಗುರು ಒಳಗೇ ಸಾಯುತ್ತಾನೆ. ನಾನು ಆ ದಿನ ನಿಜವಾಗಿ ಅತ್ತಿದ್ದೆ. ಆದರೆ ಎರಡನೆಯ ಆಟ ತೆರೆದರೆ ಅದೇ ಗುರು ಸಂತೆಯ ನಡುವೆ ಆರಾಮಾಗಿ ಅಡ್ಡಾಡುತ್ತಿದ್ದ! ಬೆಂಕಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಇದರ ಮೇಲೆ ದೇಶ ದೇಶಗಳ ಅಭಿಮಾನಿಗಳು ಒಂದು ವೆಬ್‌ಸೈಟಿನಲ್ಲಿ ವರ್ಷಗಟ್ಟಲೆ ಜಗಳವಾಡುತ್ತಿದ್ದರು. ಆಕೆ ಗಂಟು ಬಿಚ್ಚಿದಳು, ಅದಕ್ಕೇ ಗುರು ಬದುಕಿದ ಎಂದು ಕೆಲವರು. ಆಟ ಮಾಡಿದವರೇ ಹಿಂದಿನ ಕಥೆ ಮರೆತರು ಎಂದು ಕೆಲವರು. ಎರಡನೆಯ ಆಟವನ್ನು ಬೇರೆ ಜನ ಮಾಡಿದ್ದು, ಅದು ಕ್ಯಾನನ್ನೇ ಅಲ್ಲ, ಲೆಕ್ಕಕ್ಕೆ ಹಿಡಿಯಬೇಡಿ ಎಂದು ಇನ್ನು ಕೆಲವರು. ನಾನು ಗಂಟಿನ ಪಕ್ಷದವಳು. ಓದುತ್ತಿದ್ದೆನೇ ಹೊರತು ಅಲ್ಲಿ ಒಂದು ಸಾಲೂ ಬರೆದಿರಲಿಲ್ಲ. ನನ್ನ ಇಂಗ್ಲಿಷಿಗೆ ಅಲ್ಲಿಯವರು ನಕ್ಕಾರು ಎಂಬ ಅಂಜಿಕೆ.

ಆ ಮಳೆಗಾಲದಲ್ಲಿ ಒಬ್ಬರು ಊರುಗೋಲು ಹಿಡಿದು ಸೆಂಟರಿಗೆ ಬಂದರು. ಹತ್ತಿರದ ಸತ್ತಿ ಎಂಬ ಊರಿನವರು, ದ್ರಾಕ್ಷಿ ತೋಟ, ಕಬ್ಬು ಇದ್ದ ಮನೆತನ. ನಲವತ್ತರ ಆಸುಪಾಸಿನ ವಯಸ್ಸು. ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡಿದ್ದರು. ದವಾಖಾನೆ ಹತ್ತಿರವಾಗಲೆಂದು ಅದೇ ಓಣಿಯಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದಿದ್ದರು. ಹವಾಮಾನ ನೋಡಬೇಕೆಂದು ಬಂದವರು ನೋಡಿ ಮುಗಿದ ಮೇಲೂ ಏಳಲಿಲ್ಲ. ನನ್ನ ಪರದೆಯ ಕಡೆ ಕತ್ತು ಹೊರಳಿಸಿಕೊಂಡೇ ಕೂತಿದ್ದರು.

"ಏನ್ ತಂಗಿ ಅದು? ಸಿನಿಮಾ ಏನು?"

"ಅಲ್ರಿ ಅಣ್ಣಾರ. ಆಟ. ಅಂವ ನಾ ಹೇಳಿದಂಗ ನಡೀತಾನ."

"ಮತ್ತ ಆಕಿ? ಹಗ್ಗ ಹಿಡದ ಕುಂತಾಕಿ?"

"ಆಕಿ ಯಾರು ಹೇಳಿದಂಗೂ ಕೇಳಂಗಿಲ್ರಿ."

ಅವರಿಗೆ ಈ ಉತ್ತರ ಬಹಳ ಹಿಡಿಸಿತು. ಮರುದಿನದಿಂದ ಊಟ ಮುಗಿಸಿ ನೇರ ನನ್ನ ಪಕ್ಕದ ಕುರ್ಚಿಗೆ ಬರತೊಡಗಿದರು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಊರುಗೋಲನ್ನು ಗೋಡೆಗೆ ಆನಿಸಿ, "ಹೂಂ, ಚಾಲೂ ಮಾಡು" ಎನ್ನುವರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪರದೆಯ ಕೆಳಗೆ ಮಾತು ಮೂಡಿದ ಹಾಗೆ ನಾನು ಕನ್ನಡದಲ್ಲಿ ಹೇಳಬೇಕು. ಮೊದಲನೆಯ ಆಟವನ್ನು ಅವರಿಗಾಗಿ ಆರಂಭದಿಂದ ಮತ್ತೆ ಆಡಿದೆ, ಆಮೇಲೆ ಎರಡನೆಯದನ್ನು. ದಿನಾ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಪರದೆ ಕಪ್ಪಾದ ಮೇಲೆಯೇ ನಮ್ಮ ನಿಜವಾದ ಚರ್ಚೆ ಶುರುವಾಗುತ್ತಿದ್ದದ್ದು.

ಕ್ಯಾನನ್ ಅಂದರೆ ಏನು ಎಂದು ಅವರು ಒಮ್ಮೆ ಕೇಳಿದರು. ಅಧಿಕೃತ ಕಥೆ, ಎಲ್ಲರೂ ಒಪ್ಪಬೇಕಾದದ್ದು ಎಂದೆ.

"ಅಂದ್ರ ಹೊಲಕ್ಕ ಇದ್ದಂಗ ಕಥಿಗೂ ಉತಾರ ಇರತೈತಿ ಅನ್ನು. ಯಾರ ಸಹಿ ಮಾಡಿ ಕೊಡೋರು?"

"ಆಟ ಮಾಡಿದವ್ರುರಿ."

"ನಮ್ಮೂರಾಗ ಪುರಾಣ ಹೇಳಾಕ ಬಂದಾವ ಒಂದು ಹೇಳತಾನ. ಹೊಳಿ ಆಚಿ ಮಂದಿ ಅದ ಕಥಿ ಮರಾಠಿಯೊಳಗ ಬ್ಯಾರೇನ ಹೇಳತಾರ. ಯಾಂವಗ ಖೋಟಾ ಅನ್ನೂಣು? ನಾವು ಎರಡೂ ಕೇಳಿ ಮನಿಗಿ ಬರತೀವಿ."

ಆದರೆ ಈ ಆಟದ ವಿಷಯದಲ್ಲಿ ಅವರು ಎರಡೂ ಕೇಳಿ ಸುಮ್ಮನಾಗುವವರಾಗಿರಲಿಲ್ಲ. ಗಂಟಿನ ಶಕ್ತಿಯ ಬಗ್ಗೆ ಅವರ ಪ್ರಶ್ನೆಗಳಿಗೆ ಕೊನೆ ಇರಲಿಲ್ಲ. ಬೆಂಕಿಯ ಗಂಟು ಬಿಚ್ಚಿದರೆ ಸುಟ್ಟ ಬಾಗಿಲು ತಿರುಗಿ ಬರುತ್ತದೆಯೆ? ಆ ಬೆಂಕಿ ಆರಿಸಲು ಹೊತ್ತ ನೀರು ಎಲ್ಲಿ ಹೋಗುತ್ತದೆ? ಆ ದಿನ ಓಡುವಾಗ ಒಬ್ಬನಿಗೆ ಒಬ್ಬಳ ಭೆಟ್ಟಿಯಾಗಿ ಮುಂದೆ ಮದುವೆಯಾಗಿದ್ದರೆ ಅವರ ಮಕ್ಕಳ ಗತಿ ಏನು? ಅಷ್ಟು ವರ್ಷ ಜಗಳವಾಡಿದ ಆ ವೆಬ್‌ಸೈಟಿನವರಲ್ಲಿ ಒಬ್ಬರೂ ನೀರಿನ ಮಾತು ಎತ್ತಿರಲಿಲ್ಲ.

ಒಂದು ದಿನ ಎರಡನೆಯ ಆಟದ ಸಂತೆಯ ಭಾಗ ನೋಡುತ್ತಿದ್ದಾಗ ಅವರು ತಟ್ಟನೆ ನನ್ನನ್ನು ತಡೆದರು.

"ನಿಲ್ಲಸು. ಅಂವ ಎಡಗೈ ಯಾಕ ಹೊರಗ ತಗಿಯಂಗಿಲ್ಲ?"

ಗುರುವಿನ ಎಡಗೈ ಯಾವಾಗಲೂ ಶಾಲಿನ ಒಳಗೇ ಇರುತ್ತಿತ್ತು. ನಾನು ಅದನ್ನು ವೇಷದ ಒಂದು ಭಾಗ ಅಂದುಕೊಂಡಿದ್ದೆ. ಅವರ ಮಾತಿಗೆ ಗುರುವಿನ ಸುತ್ತ ತಿರುಗಿ, ಹತ್ತಿರ ಹೋಗಿ, ಬಗ್ಗಿ ನೋಡಿದೆವು. ಶಾಲಿನ ಅಂಚಿನಲ್ಲಿ ಎರಡು ಬೆರಳು ಕಂಡವು. ಬೆರಳುಗಳ ಬಣ್ಣ ಕಪ್ಪಗೆ, ಮುದುಡಿದಂತೆ.

"ಸುಟ್ಟೈತಿ!" ಎಂದು ಅವರು ಕೂಗಿದ ರಭಸಕ್ಕೆ ಮುಂದಿನ ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತಿದ್ದ ಮಾಸ್ತರರು ಹೊರಳಿ ನೋಡಿದರು. "ಬೆಂಕಿ ಬಿದ್ದೇ ಇಲ್ಲಂದ್ರ ಕೈ ಹೆಂಗ ಸುಟ್ಟೀತು ತಂಗಿ?"

 ಸ್ವಲ್ಪ ಮುಂದೆ ಹಗ್ಗದ ಹೆಂಗಸು ಬರುತ್ತಾಳೆ. ಗುರುವಿನ ಬಗ್ಗೆ ಕೇಳಿದರೆ ಒಂದೆರಡು ಚಿಕ್ಕ ಮಾತು ಆಡಿ ಸುಮ್ಮನಾಗುತ್ತಾಳೆ. ನಾನು ಅಭ್ಯಾಸದಂತೆ ಬೇಗ ಬೇಗ ಬಟನ್ ಒತ್ತುತ್ತ ಹೋದೆ. ಕೊನೆಯ ಸಾಲು ಪರದೆಯ ಮೇಲೆ ನಿಂತಿತು.

"ಏನಂದ್ಲು?"

"ಅದು ನನ್ನ ಕೈಯಿಂದ ಜಾರಿತು ಅಂದ್ಲುರಿ."

 ಅವರು ಬೆರಳು ಮಡಿಸುತ್ತ ಒಂದೊಂದಾಗಿ ಜೋಡಿಸಿ ಹೇಳಿದರು: ಆಕೆ ಗಂಟು ಬಿಚ್ಚಲು ಹೋದಳು, ಆದರೆ ಹಗ್ಗ ಕೈಯಿಂದ ಜಾರಿತು, ಗಂಟು ಅರ್ಧ ಸಡಿಲಾಯಿತು, ಪೂರ್ತಿ ಬಿಚ್ಚಲಿಲ್ಲ. ಹಾಗಾಗಿ ಬೆಂಕಿಯೂ ಅರ್ಧ ನಡೆಯಿತು, ಅರ್ಧ ನಡೆಯಲಿಲ್ಲ. ಜೀವ ಉಳಿಯಿತು, ಕೈ ಸುಟ್ಟಿತು. "ನಕ್ಕಿ, ಇದ ಖರೆ, ಅನುಮಾನ ಇಲ್ಲ" ಎಂದು ತೊಡೆ ತಟ್ಟಿಕೊಂಡರು.

"ಇದನ್ನ ಆ ಮಂದಿಗಿ ಬರದು ಹಾಕು. ಹೊಲ ಮಾಡೂ ಒಬ್ಬ ಒಕ್ಕಲಿಗ ಹೇಳ್ಯಾನ ಅಂತ ಬರಿ. ನಕ್ಕರ ನಗಲಿ."

ಕೆಲವು ದಿನಕ್ಕೆ ಅವರ ಪ್ಲಾಸ್ಟರ್ ಬಿಚ್ಚಿದರು. ಅವರು ಊರಿಗೆ ಹೋದರು. ಅವರು ಹೋದ ವಾರವೇ ನಾನು ಧೈರ್ಯ ಮಾಡಿದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅವರ ವಾದವನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. 

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಉತ್ತರಗಳು ಬಂದವು. ಸುಟ್ಟ ಬೆರಳಿನ ಮಾತಿಗೆ ಎಲ್ಲರೂ ಬೆರಗಾಗಿದ್ದರು. ಇಷ್ಟು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಒಬ್ಬ ಬರೆದಿದ್ದ. ನಾನು ಉಬ್ಬಿಹೋದೆ. ಅದರ ಕೆಳಗೆ ಇನ್ನೊಬ್ಬರ ಉತ್ತರವಿತ್ತು. ಹಗ್ಗ ಕೈಯಿಂದ ಜಾರಿತು ಎಂದು ಆಕೆ ಎಲ್ಲಿ ಹೇಳಿದ್ದಾಳೆ? ಅದರ ಹಿಂದಿನ ಸಾಲು ಓದಿಲ್ಲವೆ? ಎಂದು ಕೇಳಿ ಎರಡೂ ಸಾಲುಗಳನ್ನು ಒಟ್ಟಿಗೆ ಇಟ್ಟಿದ್ದರು. ನಾನು ಬಟನ್ ಒತ್ತಿ ದಾಟಿಹೋಗಿದ್ದ ಆ ಮೊದಲ ಸಾಲಿನಲ್ಲಿ ಆಕೆ, ಅವನಿಗೆ ಹೇಳಬಾರದ ಒಂದು ಮಾತು ನನ್ನಲ್ಲಿತ್ತು ಎನ್ನುತ್ತಾಳೆ. ಆಮೇಲೆ ಬರುವುದು, ಅದು ಜಾರಿತು. ಜಾರಿದ್ದು ಹಗ್ಗವಲ್ಲ, ಮಾತು. ಬೆಂಕಿ ಬೀಳಲಿದೆ ಎಂದು ಆಕೆ ಗುರುವಿಗೆ ಮೊದಲೇ ಬಾಯಿಬಿಟ್ಟಿದ್ದಳು. ಸತ್ತನೆಂದು ನಾವೆಲ್ಲ ತಿಳಿದಿದ್ದ ಅವನು ಒಂದು ಕೈ ಸುಟ್ಟುಕೊಂಡು ಹೇಗೋ ಪಾರಾಗಿದ್ದ. ಗಂಟು ಯಾರೂ ಮುಟ್ಟಿರಲೇ ಇಲ್ಲ.

'ಕೈಯಿಂದ' ಎಂಬ ಪದ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಅದನ್ನು ನಾನು ಸೇರಿಸಿದ್ದೆ. ಅಣ್ಣಾರು ತಲೆ ಓಡಿಸಿ ಕಟ್ಟಿದ ವಾದ ನಿಂತದ್ದು ನನ್ನದೊಂದು ತಪ್ಪಿನ ಮೇಲೆ. ಇನ್ನೂ ಎಷ್ಟು ಕಡೆ ಹೀಗೆ ಮಾಡಿದ್ದೆನೋ! ಅರ್ಥವಾಗದ ಕಡೆ ತಿಳಿಯಲಿಲ್ಲ ಎನ್ನಲು ನಾಚಿ, ಬಾಯಿಗೆ ಬಂದದ್ದನ್ನು ಹೇಳಿ ದಾಟಿಸಿದ್ದೆಲ್ಲ ನೆನಪಾಯಿತು.

ಅವರ ಅಕ್ಕ ಆ ರವಿವಾರ ತವರಿಗೆ ಹೊರಟಿದ್ದರು. ಕಾಕಾನನ್ನು ಕೇಳಿ ನಾನೂ ಅವರ ಜೊತೆ ಸತ್ತಿಯ ಬಸ್ಸು ಹತ್ತಿದೆ. ಆ ಉತ್ತರಗಳನ್ನು ಪ್ರಿಂಟ್ ತೆಗೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ಗಂಡಾಳುಗಳು ದ್ರಾಕ್ಷಿಯ ಕಡ್ಡಿ ಕತ್ತರಿಸಿಕೊಂಡು ಮುಂದೆ ಹೋದಂತೆ ಹೆಣ್ಣಾಳುಗಳು ಕಡ್ಡಿಯ ಕಣ್ಣುಗಳಿಗೆ ಚಿಗುರೊಡೆಯುವ ಪೇಸ್ಟ್ ಹಚ್ಚುತ್ತ ಬರುತ್ತಿದ್ದರು. ಅಣ್ಣಾರು ಇನ್ನೂ ಸ್ವಲ್ಪ ಕುಂಟುತ್ತ ಸಾಲಿನ ನಡುವೆ ಓಡಾಡುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಬರ್ರಿ, ಏನಂದ್ರು ಫಾರಿನ್ ಮಂದಿ?" ಎಂದರು.

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹಿಂದಿನ ಸಾಲು ಬಿಟ್ಟದ್ದು, ಕೈ ಎಂಬ ಮಾತು ಸೇರಿಸಿದ್ದು, ಬೇರೆ ಕಡೆಗಳಲ್ಲೂ ಅಂದಾಜಿನ ಮೇಲೆ ಹೇಳಿದ್ದು. ಅವರ ಮುಖ ಸಣ್ಣದಾಯಿತು.

"ಗೊತ್ತಾಗಲಿಲ್ಲಂದ್ರ ಗೊತ್ತಾಗಲಿಲ್ಲ ಅನ್ನಬೇಕಿತ್ತವ್ವಾ. ನಾ ಕಣ್ಣ ಇದ್ದೂ ನಿನ್ನ ಬಾಯಿಲೆ ನೋಡಾವ."

"ತಪ್ಪಾತ್ರಿ ಅಣ್ಣಾರ."

ಅವರು ಕೈಯಲ್ಲಿದ್ದ ಒಂದು ಕಡ್ಡಿಯನ್ನು ಮುರಿದರು.  ಆಮೇಲೆ ಅವರ ದನಿ ಬದಲಾಯಿತು.

"ಅಲ್ಲ, ಮತ್ತ ಒಂದ ಮಾತು. ಆಕಿ ಕೈಯಾಗ ಹಗ್ಗ ಐತಿ. ಬೆಂಕಿ ಬಿದ್ದ ಮ್ಯಾಲೂ ಗಂಟ ಬಿಚ್ಚಿ ಅವನ್ನ ಉಳಸಬಹುದಿತ್ತು. ಯಾರಿಗೂ ಗೊತ್ತಾಗತಿರಲಿಲ್ಲ, ಕೈನೂ ಸುಡತಿರಲಿಲ್ಲ. ಅದನ್ನ ಬಿಟ್ಟು ನಮ್ಮ ನಿಮ್ಮಂಗ ಬಾಯಿಲೆ ಯಾಕ ಹೇಳಿದ್ಲು?"

  ಆ ವೆಬ್‌ಸೈಟಿನವರೂ ಇದನ್ನು ಕೇಳಿರಲಿಲ್ಲ. ಪಕ್ಕದ ಸಾಲಿನಲ್ಲಿ ಪೇಸ್ಟ್ ಹಚ್ಚುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಳು. "ಯಾರ ಮನೀದು ಇದು?" ಎಂದು ಕೇಳಿದಳು. ಆಟದ ಕಥೆ ಎಂದು ಅಣ್ಣಾರು ಅವಳಿಗೆ ಹಗ್ಗ, ಗಂಟು, ಬೆಂಕಿ ಎಲ್ಲ ವಿವರಿಸಿದರು. ನಾನು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದರು. ಅವಳು ಕೈ ನಿಲ್ಲಿಸದೆ ಕೇಳಿದಳು.

"ಗಂಟ ಬಿಚ್ಚಿದ್ರ ಯಾರಿಗೂ ನೆನಪ ಇರಂಗಿಲ್ಲ ಅಂದ್ರಿ ಹೌದಲ್ರಿ ಸಾವಕಾರ?"

"ಹೂಂ."

"ಹಂಗಾರ ಅವಗ ಆಕಿ ಉಳಸಿದ್ದ ನೆನಪ ಇರತಿರಲಿಲ್ಲ. ಬಾಯಿಲೆ ಹೇಳಿದ್ರ ಇರತೈತಿ. ಆಕೀಗೂ ಒಬ್ಬರು ನೆನಿಸವರು ಬ್ಯಾಡನು?"

ಅಣ್ಣಾರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳು ಡಬ್ಬಿ ಎತ್ತಿಕೊಂಡು ಮುಂದಿನ ಗಿಡಕ್ಕೆ ಹೋಗಿಬಿಟ್ಟಿದ್ದಳು. "ಬರಕೋ, ಬರಕೋ" ಎಂದು ಅಣ್ಣಾರು ನನ್ನನ್ನು ಅವಸರ ಮಾಡಿದರು. ಪ್ರಿಂಟಿನ ಹಿಂಬದಿಗೆ ಅವಳ ಮಾತನ್ನು ಅವಳು ಆಡಿದಂತೆಯೇ ಬರೆದುಕೊಂಡೆ.

ಅಂದು ಅವರ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಲೆ ಉಂಡು ಸಂಜೆಯ ಬಸ್ಸಿಗೆ ಬಂದೆ. ಮರುದಿನ ಮೊದಲು ನನ್ನ ತಪ್ಪು ಒಪ್ಪಿಕೊಂಡು, ಆಮೇಲೆ ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ತಿರುಗಿಸಲು ಇಡೀ ಮಧ್ಯಾಹ್ನ ಹಿಡಿಯಿತು. 'ನೆನಿಸುವವರು' ಎಂಬುದಕ್ಕೆ ಸರಿಯಾದ ಪದ ನನಗೆ ಸಿಗಲಿಲ್ಲ. ಸಿಗಲಿಲ್ಲವೆಂದು ಅಲ್ಲೇ ಬರೆದೆ. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಹೇಳಿದ್ದು ಎಂದೂ ಬರೆದೆ. ಅದಕ್ಕೆ ಬಂದಷ್ಟು ಉತ್ತರಗಳು ಆ ವೆಬ್‌ಸೈಟಿನಲ್ಲಿ ನಾನು ಬೇರೆ ಯಾವುದಕ್ಕೂ ಕಂಡಿರಲಿಲ್ಲ. ಆಕೆ ಈ ಆಟ ಆಡಿದ್ದಾಳೆಯೆ ಎಂದು ಒಬ್ಬರು ಕೇಳಿದ್ದರು. ಇಲ್ಲ, ಕೇಳಿದ್ದಾಳೆ ಎಂದು ಬರೆದೆ.

ಕೆಲವು ವರ್ಷಗಳ ಮೇಲೆ ಮೂರನೆಯ ಆಟ ಬಂತು. ಅಷ್ಟೊತ್ತಿಗೆ ನಾನು ಚಿಕ್ಕೋಡಿಯ ಕಡೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಾಕಾ ಸೆಂಟರ್ ಮುಚ್ಚಿ ಮೊಬೈಲ್ ಅಂಗಡಿ ಹಾಕಿದ್ದ. ಅಣ್ಣಾರ ಮನೆಗೆ ಸ್ವಂತ ಕಂಪ್ಯೂಟರ್ ಬಂದಿತ್ತು; ಇಂಗ್ಲಿಷ್ ಮೀಡಿಯಮ್ಮಿನ ಮಗಳು ಅವರಿಗೆ ಓದಿ ಹೇಳುತ್ತಿದ್ದಳು. ಒಂದು ದಿನ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿತ್ತು.

"ತಂಗಿ, ಹಗ್ಗದಾಕಿ ಅನ್ನಾಕಿ ಇದ್ದೇ ಇಲ್ಲಂತ! ಗುರುವೇ ಹುಟ್ಟಿಸಿ ಹೇಳಿದ ಕಥಿ ಅದು ಅಂತಾರ ಇದರಾಗ. ಹೆಂಗ ಒಪ್ಪೂಣು?"

ಗುರು ಆಕೆಯನ್ನು ಹುಟ್ಟಿಸಿರಲೂಬಹುದು ಎಂದು ನಾನು, ಹೊಸ ಆಟದವರಿಗೇ ತಿಳಿವಳಿಕೆ ಇಲ್ಲ ಎಂದು ಅವರು. ಗಂಟೆ ಬಾರಿಸುವವರೆಗೂ ವಾದಿಸಿದೆವು. ಕೊನೆಗೆ ಅವರು ಒಂದು ದಾರಿ ಕಂಡುಕೊಂಡರು. ಮೊದಲನೆಯ ಆಟದಲ್ಲಿ ಗುರು, ಅವನ ಮಾತು ನಂಬಿದ ನಾಯಕ ಇಬ್ಬರನ್ನು ಬಿಟ್ಟು ಬೇರೆ ಯಾರಾದರೂ ಆಕೆಯನ್ನು ಕಂಡದ್ದು ಇದೆಯೇ ಎಂದು ಹುಡುಕಬೇಕು. ಒಬ್ಬರಾದರೂ ಕಂಡಿದ್ದರೆ ಆಕೆ ಇದ್ದಳು.

ಹತ್ತು ದಿನದ ಮೇಲೆ ಮತ್ತೆ ಫೋನು. "ಸಿಕ್ಕಾನ! ಹೊಳಿ ದಾಟೂ ಮುಂದ ಆಕಿ ದಂಡಿ ಮ್ಯಾಲ ನಿಂತಿರತಾಳ. ಅಂಬಿಗ ಆಕೀಗಿ ತಲಿ ಬಾಗಸ್ತಾನ. ನೋಡು."

ಆ ಸಂಜೆ ಹಳೆಯ ಆಟವನ್ನು ಹಾಕಿ ಹೊಳೆಯ ದಂಡೆಗೆ ಹೋದೆ. ಆಕೆ ನಿಂತಿದ್ದಳು. ಅಂಬಿಗ ತಲೆ ಬಾಗಿಸಿದ್ದು ನಿಜ. ಆದರೆ ಆಕೆಗೆ ಬಾಗಿಸಿದನೋ, ದೋಣಿಯ ಹಗ್ಗ ಬಿಚ್ಚಲು ಬಾಗಿದನೋ? ನಾಲ್ಕು ಸಲ ನೋಡಿದೆ, ಪ್ರತಿ ಸಲವೂ ಬೇರೆ ಕಡೆ ನಿಂತು. ಆಮೇಲೆ ಫೋನ್ ಹಚ್ಚಿದೆ.

"ನನಗ ಗೊತ್ತಾಗಲಿಲ್ರಿ ಅಣ್ಣಾರ."

"ನಡಿ, ಹಂಗಾರ ನಾವಿಬ್ರೂ ಕೂಡೇ ನೋಡೂಣು" ಎಂದರು. ಮುಂದಿನ ರವಿವಾರ ನಾನು ಸತ್ತಿಗೆ ಹೋದೆ.